ರಾತ್ರಿ ಎಲ್ಲಿ ಮಲಗ್ತೀರಿ, ಅದನ್ನ ಮೊದಲು ಹೇಳ್ರಿ

ಕೇಳುಗರೆಲ್ಲರಿಗೂ ನಮಸ್ಕಾರ್ರಿ. ಕೊಪ್ಪಳ, ಗಂಗಾವತಿ, ಸಿಂಧನೂರು, ರಾಯಚೂರು ಕಡೆಯಿಂದ ಈಗ ಲಡಾಖಿಗೆ ಹೋಗೋರು ಭಾಳ ಆಗ್ಯಾರ. ಟೆಂಟ್ ಹೊತಗೊಂಡು ಹೋಗೋರು ಅದಾರ, ಟೆಂಪೋ ಟ್ರಾವೆಲರ್ ಒಳಗ ಹಾಸಿಗಿ, ಗ್ಯಾಸ್ ಒಲಿ, ನೀರಿನ ಟ್ಯಾಂಕು ಎಲ್ಲಾ ಕೂಡಿಸಿ ಕ್ಯಾಂಪರ್ ವ್ಯಾನ್ ಮಾಡ್ಕೊಂಡು ಮನಿಮಂದಿನ್ನೆಲ್ಲಾ ಕರ್ಕೊಂಡು ಹೋಗೋರೂ ಅದಾರ. ನಾನು ಗುಂಪು ಕಟಗೊಂಡು ಆ ಗುಡ್ಡಕ್ಕ ಹೋಗಿಬರಾಂವ, ಹಂಗಾಗಿ ಬ್ಯಾಸಗಿ ಬಂತಂದ್ರ ಫೋನ್ ಮ್ಯಾಲೆ ಫೋನು. ಯಾವ ಟೆಂಟ್ ತಗೊಳ್ಳೋಣ, ಸ್ಲೀಪಿಂಗ್ ಬ್ಯಾಗ್ ಎಷ್ಟ್ ದಪ್ಪ ಇರಬೇಕು, ವ್ಯಾನಿಗೆ ಸೋಲಾರ್ ಹಾಕ್ಸೋಣೋ ಬ್ಯಾಡೋ, ಇದನ್ನ ಕೇಳ್ತಾರ. ನಾನು ತಿರುಗಿ ಒಂದ ಮಾತು ಕೇಳ್ತೀನಿ. ಯಪ್ಪಾ, ದಿನಾ ರಾತ್ರಿ ಎಲ್ಲಿ ಮಲಗ್ತೀ, ಆ ಜಾಗಾ ಎಷ್ಟ್ ಎತ್ತರ ಐತಿ? ಇದಕ್ಕ ಮಾತ್ರ ಉತ್ತರ ಬರಂಗಿಲ್ಲ. ಇವತ್ತು ನಾನು ಹೇಳೋದು ಇದೊಂದನ್ನ.

ನೋಡ್ರಿ, ನಮ್ಮ ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಮ್ಯಾಲೈತಿ, ಬಳ್ಳಾರಿ, ಕೊಪ್ಪಳ ಇನ್ನೊಂದು ಸ್ವಲ್ಪ ಜಾಸ್ತಿ. ಲೇಹ್ ಊರು 3500 ಮೀಟರ್. ಪ್ಯಾಂಗಾಂಗ್ ಸರೋವರ 4200ರ ಮ್ಯಾಲೆ. ಖರ್ದುಂಗ್ ಲಾ, ಲಾ ಅಂದ್ರ ಗುಡ್ಡ ದಾಟೋ ದಾರಿ, 5300 ದಾಟತೈತಿ. ಅಲ್ಲಿ ಆಕ್ಸಿಜನ್ನ ಇರಂಗಿಲ್ಲಂತಲ್ರಿ ಅಂತಾರ, ಇರ್ತೈತ್ರಿ, ಇಲ್ಲಿ ಗಾಳ್ಯಾಗ ನೂರಕ್ಕ 21 ಇದ್ರ ಅಲ್ಲೂ 21 ಐತಿ, ಕಮ್ಮಿ ಆಗೋದು ಗಾಳಿ ಒತ್ತಡ. ತುಂಗಭದ್ರಾ ಎಡದಂಡಿ ಕಾಲುವಿ ಕೊನೀ ಭಾಗದಾಗ ಹೊಲ ಇದ್ದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ, ಗಂಗಾವತಿ ಹತ್ರ ಹರಿಯೋದೂ ಅದ ನೀರು, ಮಾನ್ವಿ, ಸಿರವಾರ ಕಡೆ ಬರೋದೂ ಅದ ನೀರು, ಆದ್ರ ಹೊಲಕ್ಕ ಬಂದು ಬೀಳೋದು ಎಷ್ಟು? ಲೇಹ್‌ನಾಗ ಒಂದು ಉಸಿರಿಗೆ ಸಿಗೋ ಆಕ್ಸಿಜನ್ನು ಸಮುದ್ರದ ದಂಡಿ ಲೆಕ್ಕಕ್ಕ ನೂರಕ್ಕ 65, ಖರ್ದುಂಗ್ ಲಾ ಮ್ಯಾಲೆ ಅರ್ಧದ ಆಜುಬಾಜು.

ಮೈ ಇದಕ್ಕ ಒಗ್ಗತೈತ್ರಿ, ಭಾಳ ಚಂದಾಗಿ ಒಗ್ಗತೈತಿ, ಆದ್ರ ಅದಕ್ಕ ರಾತ್ರಿಗಳು ಬೇಕು. ನಿದ್ದ್ಯಾಗ ಉಸಿರಾಟ ನಿಧಾನ ಆಗಿ ರಕ್ತದಾಗಿನ ಆಕ್ಸಿಜನ್ ಇನ್ನೂ ಕೆಳಗ ಇಳೀತೈತಿ, ಅದಕ್ಕ ಹಗಲು ಎಷ್ಟು ಹತ್ತಿದ್ರಿ ಅನ್ನೋದಕ್ಕಿಂತ ರಾತ್ರಿ ಎಷ್ಟು ಎತ್ತರದಾಗ ತಲಿ ಇಟ್ರಿ ಅನ್ನೋದ ದೊಡ್ಡದು. 3000 ಮೀಟರ್ ದಾಟಿದ ಮ್ಯಾಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗೋ ಜಾಗಾ 500 ಮೀಟರ್‌ಗಿಂತ ಜಾಸ್ತಿ ಮ್ಯಾಲಿರಬಾರ್ದು, ಮತ್ತ ಮೂರ್ನಾಕು ದಿನಕ್ಕೊಮ್ಮೆ ಏರದ ಅದ ಜಾಗದಾಗ ಇನ್ನೊಂದು ರಾತ್ರಿ ಇರಬೇಕು. ಬರಕೊಳ್ರಿ, 500.

ಹೋಟೆಲ್ ಬುಕ್ ಮಾಡಿದವರು ಊರು ಬರೋತನಾ ಹೋಗ್ಲೇಬೇಕು, ಊರುಗಳು ಸಾಮಾನ್ಯ ಕೆಳಗ ಕಣಿವ್ಯಾಗ ಇರ್ತಾವ. ವ್ಯಾನಿನವರಿಗೆ ಆ ಹಂಗಿಲ್ಲ, ಹೊಳಿ ಕಾಣ್ತು, ಬಯಲು ಕಾಣ್ತು, ಇಲ್ಲೇ ನಿಲ್ಸಪಾ ತಮ್ಮಾ ಅಂತಾರ, ನಿಂತ ಜಾಗಾ 4000 ಮೀಟರ್ ಐತೋ 4500 ಐತೋ ಯಾರಿಗೂ ಗೊತ್ತಿರಂಗಿಲ್ಲ.

ಒಂದು ಘಟನಾ ಹೇಳ್ತೀನಿ ಕೇಳ್ರಿ. ಮನಾಲಿಯಿಂದ ಲೇಹ್‌ಗೆ ಹೋಗೋ ದಾರ್ಯಾಗ ಸರ್ಚು ಅಂತ ಜಾಗಾ ಐತಿ, 4290 ಮೀಟರ್, ಬ್ಯಾಸಗ್ಯಾಗ ಸಾಲಾಗಿ ಟೆಂಟ್ ಹಾಕಿರ್ತಾರ. ನಾವು ಲೇಹ್ ಕಡೆಯಿಂದ ವಾಪಸ್ ಬರಾಕತ್ತಿದ್ವಿ, ಒಗ್ಗಿದ ಮೈ, ಅಲ್ಲಿ ಉಳಿದ್ವಿ. ಸಂಜಿಮುಂದ ಕೆಎ 37 ನಂಬರಿನ ವ್ಯಾನ್ ಒಂದು ಬಂದು ನಿಂತು. ನಮ್ಮ ಕಡೆಯವರು! ಎಷ್ಟ್ ಖುಷಿ ಆತಂದ್ರ, ಹೋಗಿ ಮಾತಾಡ್ಸಿದೆ, ರೊಟ್ಟಿ, ಶೇಂಗಾ ಚಟ್ನಿ ಕೊಟ್ರು. ಬೆಳಿಗ್ಗೆ ಮನಾಲಿ ಬಿಟ್ಟೇವ್ರಿ ಅಂದ್ರು. ಮನಾಲಿ 2050 ಮೀಟರ್! ಮೊದಲು ರೋಹ್ತಾಂಗ್ ಹತ್ತಿ ಇಳಿಯೋದ್ರಾಗ ಅರ್ಧ ದಿನ ಹೋಗ್ತಿತ್ತು, 2020ರಾಗ ಅಟಲ್ ಸುರಂಗ ಆದಮ್ಯಾಲೆ 9 ಕಿಲೋಮೀಟರ್ ಗುಡ್ಡದ ಹೊಟ್ಟ್ಯಾಗಿಂದ ಪಾರಾಗಿಬಿಡ್ತಾರ, ಒಂದ ದಿನದಾಗ ಸರ್ಚು ಮುಟ್ಟತಾರ. ಇಲ್ಲಿ ಮಲಗಬ್ಯಾಡ್ರಿ, ಬೆಳಕು ಇರೋದ್ರಾಗ ಹಿಂದಕ, ಕೆಳಗಿರೋ ಜಿಸ್ಪಾ ಊರಿಗೆ ಹೋಗ್ರಿ ಅಂದೆ. ಅವರೊಳಗಿನ ಹಿರಿಯರು, ಜೋಡಿ ಬಂದಿದ್ದ ಒಬ್ಬ ಹುಡುಗನ ಸೋದರಮಾವ, ಅಳಿಯನ ಹೆಗಲು ತಟ್ಟಿ ಇಂವ 75 ಕೆಜಿ ಭತ್ತದ ಚೀಲ ಒಬ್ನ ಎತ್ತತಾನ್ರಿ, ಇವಗೇನಾಕ್ಕೈತಿ ಅಂದ್ರು.

ರಾತ್ರಿ ಒಂದು ಗಂಟೆ ಸುಮಾರಿಗೆ ನನ್ನ ಟೆಂಟ್ ಹೊರಗ ಅಣ್ಣಾರ, ಅಣ್ಣಾರ ಅಂತ ಕೂಗು. ಹೋಗಿ ನೋಡಿದ್ರ ಅದ ಹುಡುಗ, ತಲಿ ಹಿಡಕೊಂಡು ಕುಂತಾನ, ವಾಂತಿ ಮಾಡ್ಯಾನ. ಹಿಮ್ಮಡಿಗೆ ಬೆರಳು ಹಚ್ಚಿ ಒಂದು ಗೆರಿ ಮ್ಯಾಲೆ ನಡೀಪಾ ಅಂದೆ, ಎರಡು ಹೆಜ್ಜಿಗೆ ವಾಲಿದ. ಹಂಗ ವಾಲಿದ್ರ ಮಿದುಳಿಗೆ ಬಾವು ಬರಾಕತ್ತೈತಿ ಅಂತ ತಿಳಕೊಂಡು ತಡಾ ಮಾಡದ ಇಳಸಬೇಕು. ಆದ್ರ ಸರ್ಚುದಿಂದ ಇಳಿಯೋದು ಹೆಂಗ? ಮನಾಲಿ ಕಡೆ ಹೊಂಟ್ರ ಬಾರಾಲಾಚಾ ಲಾ, 4890 ಮೀಟರ್, ಲೇಹ್ ಕಡೆ ಹೊಂಟ್ರ ಲಾಚುಂಗ್ ಲಾ, 5000ದ ಮ್ಯಾಲೆ. ಕೆಳಗ ಇಳೀಬೇಕಂದ್ರ ಮೊದಲು ಮ್ಯಾಲೆ ಹತ್ತಬೇಕು! ಅದಕ್ಕ ಹೊಸಬರು ಅಲ್ಲಿ ಮಲಗಬಾರ್ದು ಅಂತ ನಾನು ಬಾಯಿ ಬಡಕೊಳ್ಳೋದು. ಪುಣ್ಯಾಕ್ಕ ಅಲ್ಲಿ ಸೇನೆಯವರು ಆಕ್ಸಿಜನ್ ಹಚ್ಚಿ ಕೊಟ್ರು, ಸಿಲಿಂಡರ್ ಸಮೇತ ವ್ಯಾನ್‌ನಾಗ ಹಾಕ್ಕೊಂಡು ಬಾರಾಲಾಚಾ ದಾಟ್ಸಿ ಕೇಲಾಂಗ್ ದವಾಖಾನಿ ಕಡೆ ಹೊಂಟ್ವಿ, ಮಾವ ದಾರಿಯುದ್ದಕ್ಕೂ ಹುಡುಗನ ಕೈ ಬಿಡಲಿಲ್ಲ. ಜಿಸ್ಪಾ ಬರೋದ್ರಾಗ, ಅಂದ್ರ ಒಂದು ಸಾವಿರ ಮೀಟರ್ ಇಳದಿದ್ವಿ, ಹುಡುಗ ಎದ್ದು ಕುಂತು ಮಾವಾ ಹಸಿವಾಗೇತಿ ಅಂದ. ಇಳಸೋದರ ಗುಣಾ ನೋಡ್ರಿ. ತಾಕತ್ತು, ವಯಸ್ಸು, 44 ಡಿಗ್ರಿ ಬಿಸಿಲು ತಡದ ಮೈ, ಯಾವುದೂ ಅಲ್ಲಿ ಕಾಯಂಗಿಲ್ಲ. ಕರ್ಪೂರ ಮೂಸಿದ್ರ ಆಕ್ಸಿಜನ್ ಏರತೈತಿ ಅಂತಾರ, ಏನೂ ಆಗಂಗಿಲ್ಲ, ದಯವಿಟ್ಟು ಅದನ್ನ ವಾಟ್ಸಾಪ್‌ನಾಗ ಕಳಸೋದು ಬಿಡ್ರಿ.

ಸಮಯ ಮುಗೀತು ಅಂತ ಗಾಜಿನ ಆಚೆ ಕೈ ತೋರಸಾಕತ್ಯಾರ, ಉಳದದ್ದು ಬಿರಬಿರನ ಹೇಳಿಬಿಡ್ತೀನಿ. ಮೊದಲನೇ ಸಲ ಹೋಗೋರು ಶ್ರೀನಗರದ ಕಡೆಯಿಂದ ಹೋಗ್ರಿ, ಸೋನಾಮಾರ್ಗ್ 2800, ಕಾರ್ಗಿಲ್ 2700 ಒಳಗ, ಮಲಗಾಕ ಒಳ್ಳೆ ಮೆಟ್ಟಲು. ಲೇಹ್‌ನಾಗ ಮೂರು ರಾತ್ರಿ ಇರ್ರಿ. ಆಮೇಲೆ ಖರ್ದುಂಗ್ ಲಾ ದಾಟಿ ನುಬ್ರಾಕ್ಕ ಹೋಗ್ರಿ, ಹಗಲು 5300 ಮುಟ್ಟಿದ್ರೂ ರಾತ್ರಿ ಮಲಗೋದು 3100ರ ಹತ್ರ, ನೋಡ್ರಿ, ಹಿಂಗಿರಬೇಕು ಪ್ಲಾನು. ಪ್ಯಾಂಗಾಂಗ್ ಅದಾದಮ್ಯಾಲೆ. ಹಾನ್ಲೆ ಇನ್ನೂ ಕಡೀಗೆ, ಅಲ್ಲಿ 4500 ಮೀಟರ್ ಗುಡ್ಡದ ಮ್ಯಾಲಿನ ದೂರದರ್ಶಕವನ್ನ ನಮ್ಮ ಹೊಸಕೋಟೆಯಾಗ ಕುಂತು ಉಪಗ್ರಹದ ಮೂಲಕ ನಡಸ್ತಾರ್ರಿ, ಆ ಚುಕ್ಕಿ ಆಕಾಶ ನೋಡಿದ್ರ ಹೊಟ್ಟಿ ತುಂಬತೈತಿ! ವ್ಯಾನ್ ಮುಚ್ಚಿಕೊಂಡು ಒಳಗ ಒಲಿ, ಇದ್ದಲಿ ಹಚ್ಚಿ ಮಲಗಬ್ಯಾಡ್ರಿ, ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಮಲಗಿದವರು ಏಳಂಗಿಲ್ಲ. ಪ್ಯಾಂಗಾಂಗ್ ಎತ್ತರದಾಗ ನೀರು ಸುಮಾರು 86 ಡಿಗ್ರಿಗೇ ಕುದೀತೈತಿ, ಅನ್ನ, ಬ್ಯಾಳಿ ಬೇಯಬೇಕಂದ್ರ ಕುಕ್ಕರ್ ಬೇಕು. ರಸ್ತಾದ ಮ್ಯಾಲೆ ಹರಿಯೋ ಹಳ್ಳಗಳನ್ನ ಬೆಳಿಗ್ಗೆ ದಾಟ್ರಿ, ಮಧ್ಯಾಹ್ನ ಹಿಮ ಕರಗಿ ನೀರು ಏರತೈತಿ. ವ್ಯಾನಿನ ಸಂಡಾಸ ಟ್ಯಾಂಕು ಸರೋವರದ ದಂಡ್ಯಾಗ ಬಿಚ್ಚಬ್ಯಾಡ್ರಿ. ಮೊದಲ ರಾತ್ರಿಗಳಾಗ ಶೆರೆ ಬ್ಯಾಡ, ನಿದ್ದಿ ಗುಳಿಗಿ ಬ್ಯಾಡ. ಎತ್ತರಕ್ಕ ಮೈ ಒಗ್ಗಾಕ ಕೊಡೋ ಡೈಮಾಕ್ಸ್ ಗುಳಿಗಿ ಡಾಕ್ಟರನ್ನ ಕೇಳಿ ತಗೊಳ್ರಿ.

ತಲಿನೋವು ಬಂದ್ರ ಅಲ್ಲೇ ನಿಲ್ರಿ, ಮ್ಯಾಲೆ ಹೋಗಬ್ಯಾಡ್ರಿ. ಹೆಚ್ಚಾತು ಅಂದ್ರ ಇಳೀರಿ, ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ. ಮನಿ ಬಿಡೋಕಿಂತ ಮೊದಲು ಒಂದು ಹಾಳ್ಯಾಗ ಪ್ರತಿ ರಾತ್ರಿ ಮಲಗೋ ಊರು, ಅದರ ಎತ್ತರ ಬರೀರಿ, ಬರದು ಡ್ರೈವರ್ ಕೈಯಾಗ ಕೊಡ್ರಿ, ಯಾಕಂದ್ರ ವ್ಯಾನ್ ನಿಲ್ಸೋನು ಅವನ. ನಮಸ್ಕಾರ್ರಿ.