ಮಂಗಳವಾರದ ರೈಲು

ಎಲ್ಲರಿಗೂ ನಮಸ್ಕಾರ.

ನಾಜಿ ಕ್ಯಾಂಪ್ ಅಂದ ತಕ್ಷಣ ನಮಗೆ ನೆನಪಾಗುವುದು ಆಶ್ವಿಟ್ಜ್, ಅಲ್ವಾ? ನಾನು ಇವತ್ತು ಅಲ್ಲಿಯವರೆಗೆ ಹೋಗುವುದಿಲ್ಲ. ಅದಕ್ಕೆ ಮುಂಚಿನ ಒಂದು ಜಾಗದಲ್ಲಿ ನಿಲ್ಲುತ್ತೇನೆ. ಆಶ್ವಿಟ್ಜ್ ಇದ್ದದ್ದು ಪೋಲೆಂಡಿನಲ್ಲಿ. ಆಮ್‌ಸ್ಟರ್‌ಡ್ಯಾಮಿನ ಒಬ್ಬ ಅಂಗಡಿಕಾರ ತನ್ನ ಹೆಂಡತಿ ಮಕ್ಕಳ ಜೊತೆ ಅಷ್ಟು ದೂರ ತಲುಪಬೇಕಾದರೆ ನಡುವೆ ಯಾರೋ ಅವರನ್ನು ಕೂಡಿಹಾಕಬೇಕು, ಎಣಿಸಬೇಕು, ಪಟ್ಟಿ ಬರೆಯಬೇಕು, ರೈಲು ಹತ್ತಿಸಬೇಕು. ಫ್ರಾನ್ಸಿನಲ್ಲಿ ಈ ಕೆಲಸ ಪ್ಯಾರಿಸ್ ಪಕ್ಕದ ಡ್ರಾನ್ಸಿಯಲ್ಲಿ, ಕಟ್ಟಿ ಮುಗಿಯದ ಒಂದು ವಸತಿ ಸಮುಚ್ಚಯದಲ್ಲಿ ನಡೆಯಿತು. ಬೆಲ್ಜಿಯಂನಲ್ಲಿ ಮೆಖೆಲೆನ್ ಊರಿನ ಸೈನಿಕರ ಬ್ಯಾರಕ್ಕಿನಲ್ಲಿ. ಹಾಲೆಂಡಿನಲ್ಲಿ ವೆಸ್ಟರ್‌ಬೋರ್ಕ್‌ನಲ್ಲಿ.

ವೆಸ್ಟರ್‌ಬೋರ್ಕ್ ಕಟ್ಟಿದ್ದು ಜರ್ಮನ್ನರಲ್ಲ, ಡಚ್ ಸರ್ಕಾರ. 1938ರ ನವೆಂಬರ್‌ನಲ್ಲಿ ನಾಜಿಗಳು ಯಹೂದಿಗಳ ಮೇಲೆ ನಡೆಸಿದ ದಾಳಿಯ ನಂತರ ಜರ್ಮನಿಯಿಂದ ಯಹೂದಿಗಳು ಗಡಿ ದಾಟಿ ಓಡಿ ಬಂದರು. ಅವರಿಗೆ ಒಂದು ನಿರಾಶ್ರಿತರ ಶಿಬಿರ ಬೇಕಿತ್ತು. ಮೊದಲು ನೋಡಿದ ಜಾಗ ರಾಣಿಯ ಅರಮನೆಯಿಂದ ಹೆಚ್ಚು ದೂರ ಇರಲಿಲ್ಲ. ಅರಮನೆಯವರು ಬೇಡ ಅಂದರು. ಕೊನೆಗೆ ಸಿಕ್ಕಿದ್ದು ಡ್ರೆಂಟೆ ಪ್ರಾಂತ್ಯದ ಬಯಲು. ಬೇಸಿಗೆಯಲ್ಲಿ ಧೂಳು, ಮಳೆ ಬಂದರೆ ಕೆಸರು, ಸುತ್ತ ಜನವೇ ಇಲ್ಲ. ಕಟ್ಟಿದ ಖರ್ಚನ್ನು ಡಚ್ ಯಹೂದಿ ಸಮುದಾಯದ ತಲೆಗೇ ಕಟ್ಟಿದರು. 1939ರ ಅಕ್ಟೋಬರ್‌ನಲ್ಲಿ ಮೊದಲ ನಿರಾಶ್ರಿತರು ಬಂದರು. ಮುಂದಿನ ಮೇ ತಿಂಗಳಲ್ಲಿ ಹಿಟ್ಲರನ ಸೇನೆ ಹಾಲೆಂಡಿಗೇ ನುಗ್ಗಿತು. ಓಡಿ ಬಂದವರು ಬೇಲಿಯೊಳಗೆ ಸಿದ್ಧವಾಗಿಯೇ ಇದ್ದರು. 1942ರ ಜುಲೈ 1ರಂದು ಜರ್ಮನ್ನರು ಶಿಬಿರವನ್ನು ತಮ್ಮ ಕೈಗೆ ತೆಗೆದುಕೊಂಡರು. 15ರಂದು ಮೊದಲ ರೈಲು ಹೊರಟಿತು.

ನನ್ನನ್ನು ಹೆಚ್ಚು ಕಾಡುವುದು ಆ ಶಿಬಿರದ ದಿನಚರಿ. 1942ರ ಅಕ್ಟೋಬರ್‌ನಿಂದ ಅಲ್ಲಿ ಕಮಾಂಡೆಂಟ್ ಆಗಿದ್ದವನು ಆಲ್ಬರ್ಟ್ ಗೆಮ್ಮೆಕರ್. ಕೂಗಾಡುವವನಲ್ಲ, ಹೊಡೆಯುವವನಲ್ಲ. ನೀಟಾದ ಉಡುಪು, ಮೆದು ಮಾತು. ಅವನ ಕಾಲದಲ್ಲಿ ಶಿಬಿರದಲ್ಲಿ ಶಾಲೆ ಇತ್ತು. ವರ್ಕ್‌ಶಾಪುಗಳಿದ್ದವು. 1,700ಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆ ಇತ್ತು, ನೂರಕ್ಕೂ ಹೆಚ್ಚು ಡಾಕ್ಟರುಗಳಿದ್ದರು, ಎಲ್ಲರೂ ಕೈದಿಗಳೇ. ಬರ್ಲಿನ್ನಿನಲ್ಲಿ ಹೆಸರು ಮಾಡಿದ್ದ ಮ್ಯಾಕ್ಸ್ ಏರ್ಲಿಖ್, ವಿಲ್ಲಿ ರೋಸೆನ್ ಅಂಥ ಕಲಾವಿದರು ಅಲ್ಲಿ ನಗೆನಾಟಕ, ಹಾಡು, ಕುಣಿತದ ಕಾರ್ಯಕ್ರಮ ಕೊಟ್ಟರು. ಗೆಮ್ಮೆಕರ್ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದ. ಏರ್ಲಿಖ್ ಮತ್ತು ರೋಸೆನ್ ಇಬ್ಬರೂ 1944ರಲ್ಲಿ ಆಶ್ವಿಟ್ಜ್‌ನಲ್ಲಿ ಸತ್ತರು.

ಇದೆಲ್ಲ ಸುಮ್ನೆ ಮಾಡಿದ್ದಲ್ಲ. ಆಸ್ಪತ್ರೆ ಇದೆ, ಶಾಲೆ ಇದೆ ಅಂದಮೇಲೆ ಮುಂದೆ ಹೋಗುವ ಜಾಗವೂ ಹೀಗೇ ಇರಬಹುದು ಅಂತ ಜನ ನಂಬುತ್ತಾರೆ. ನಂಬಿದವರು ದಂಗೆ ಏಳುವುದಿಲ್ಲ. ಹಾಗಾಗಿ ಅಲ್ಲಿ ಜರ್ಮನ್ ಸಿಬ್ಬಂದಿ ಬೆರಳೆಣಿಕೆಯಷ್ಟು ಸಾಕಾಯಿತು. ಬೇಲಿ ಕಾದವರು ಡಚ್ ಪೊಲೀಸರು. ರೈಲು ಓಡಿಸಿದ್ದು ಡಚ್ ರೈಲ್ವೆ, ಅದೂ ಬಾಡಿಗೆ ವಸೂಲಿ ಮಾಡಿ. 2005ರಲ್ಲಿ ಆ ರೈಲ್ವೆ ಕ್ಷಮೆ ಕೇಳಿತು, 2019ರಲ್ಲಿ ಬದುಕಿದ್ದವರಿಗೂ ಸತ್ತವರ ಮನೆಯವರಿಗೂ ಪರಿಹಾರ ಘೋಷಿಸಿತು.

ಪಟ್ಟಿಯ ವಿಷಯ ಇನ್ನೂ ಕಷ್ಟದ್ದು. ಈ ವಾರ ಇಷ್ಟು ಸಾವಿರ ಜನ ಬೇಕು ಅಂತ ಮೇಲಿನಿಂದ ಆದೇಶ ಬರುತ್ತಿತ್ತು. ಯಾರು ಅನ್ನುವುದನ್ನು ತುಂಬುವ ಕೆಲಸ ಬಹುಪಾಲು ಶಿಬಿರದ ಯಹೂದಿ ಆಡಳಿತದ್ದೇ. 1939ರಲ್ಲೇ ಬಂದಿದ್ದ ಜರ್ಮನ್ ಯಹೂದಿಗಳು ಅದರಲ್ಲಿ ಮೇಲುಗೈ. ವಿನಾಯಿತಿಯ ಮುದ್ರೆ ಇದ್ದವರು ಈ ವಾರ ಉಳಿದುಕೊಳ್ಳುತ್ತಿದ್ದರು. ಮುಂದಿನ ವಾರ ಆ ಮುದ್ರೆಗೆ ಬೆಲೆ ಇಲ್ಲ ಅಂದುಬಿಡಬಹುದಿತ್ತು. ಸೋಮವಾರ ರಾತ್ರಿ ಬ್ಯಾರಕ್ಕಿನಲ್ಲಿ ಹೆಸರು ಓದುತ್ತಿದ್ದರು. ಮಂಗಳವಾರ ಬೆಳಿಗ್ಗೆ ರೈಲು. ಹೆಸರು ಬರದವರಿಗೆ ಇನ್ನೊಂದು ವಾರದ ಬದುಕು. ಪಟ್ಟಿ ಬರೆದವರನ್ನು ಇವತ್ತು ಕುರ್ಚಿಯಲ್ಲಿ ಕೂತು ಬೈಯುವುದು ಸುಲಭ. ತನ್ನ ಹೆಂಡತಿಯ ಹೆಸರೂ ಅದೇ ಪಟ್ಟಿಗೆ ಬೀಳಬಹುದು ಅಂತ ಗೊತ್ತಿದ್ದು ಬರೆದವನ ಬಗ್ಗೆ ನಾನು ತೀರ್ಪು ಕೊಡಲಾರೆ. ಬರೆಸಿದವರ ಬಗ್ಗೆ ಕೊಡಬಲ್ಲೆ.

1943ರ ಮಾರ್ಚ್‌ನಿಂದ ಜುಲೈವರೆಗೆ 19 ರೈಲುಗಳು ಸೊಬಿಬೋರ್‌ಗೆ, ಪೋಲೆಂಡಿನಲ್ಲಿದ್ದ ಇನ್ನೊಂದು ಸಾವಿನ ಶಿಬಿರಕ್ಕೆ, ಹೋದವು. ಒಟ್ಟು 34,313 ಜನ. ಯುದ್ಧ ಮುಗಿದಾಗ ಬದುಕಿದ್ದವರು 18.

ಗೆಮ್ಮೆಕರ್‌ಗೆ ತನ್ನ ಶಿಬಿರದ ಬಗ್ಗೆ ಎಷ್ಟು ಹೆಮ್ಮೆ ಇತ್ತು ಅಂದರೆ, 1944ರಲ್ಲಿ ಅದರ ಫಿಲ್ಮ್ ತೆಗೆಸಿದ. ತೆಗೆದವನು ರುಡಾಲ್ಫ್ ಬ್ರೆಸ್‌ಲಾವರ್ ಅನ್ನುವ ಯಹೂದಿ ಕೈದಿ. ಮೇ 19ರ ರೈಲು ಹೊರಡುವುದನ್ನೂ ಅವನು ಚಿತ್ರೀಕರಿಸಿದ. ಗೂಡ್ಸ್ ಬೋಗಿಯ ಬಾಗಿಲ ಸಂದಿಯಲ್ಲಿ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಹುಡುಗಿ ಹೊರಗೆ ನೋಡುತ್ತಾಳೆ. ಕೆಲವೇ ಸೆಕೆಂಡು. ಹಲವು ದಶಕ ಅವಳು ಹೆಸರಿಲ್ಲದ ಯಹೂದಿ ಹುಡುಗಿಯಾಗಿ ಪುಸ್ತಕಗಳಲ್ಲಿ, ಮ್ಯೂಸಿಯಂಗಳಲ್ಲಿ ಕಾಣಿಸಿಕೊಂಡಳು. 1994ರಲ್ಲಿ ಆಡ್ ವಾಖೆನಾರ್ ಅನ್ನುವ ಪತ್ರಕರ್ತ ಪತ್ತೆ ಹಚ್ಚಿದ. ಅವಳು ಸೆಟ್ಟೆಲಾ ಸ್ಟೈನ್‌ಬಾಖ್, ಒಂಬತ್ತು ವರ್ಷ, ಸಿಂಟಿ ಜನಾಂಗದವಳು. ಅಂದರೆ ಜಿಪ್ಸಿಗಳು ಅಂತ ಕರೆಯುತ್ತಿದ್ದ ರೋಮಾ ಜನರ ಬಳಗ, ಯಹೂದಿಯಲ್ಲ. ಆ ದಿನ ಒಟ್ಟು 245 ಸಿಂಟಿ ಮತ್ತು ರೋಮಾ ಜನರನ್ನು ಕಳಿಸಿದ್ದರು. ಈ ಜನಾಂಗದ ಸಾವನ್ನು ಯುರೋಪು ಎಷ್ಟು ಸಲೀಸಾಗಿ ಮರೆತಿತ್ತು ಅನ್ನುವುದು ಆ ತಪ್ಪು ಗುರುತಿನಲ್ಲೇ ಕಾಣುತ್ತದೆ.

ಡೈರಿ ಬರೆದ ಆನ್ ಫ್ರಾಂಕ್ ಕೂಡ ಇಲ್ಲಿದ್ದಳು, 1944ರ ಆಗಸ್ಟ್‌ನಲ್ಲಿ, ಹಳೆ ಬ್ಯಾಟರಿ ಒಡೆಯುವ ಕೆಲಸದಲ್ಲಿ. ಸೆಪ್ಟೆಂಬರ್ 3ರಂದು ಆಶ್ವಿಟ್ಜ್‌ಗೆ ಹೋದ ಕೊನೆಯ ರೈಲಿನ 1,019 ಜನರಲ್ಲಿ ಅವಳ ಕುಟುಂಬವೂ ಇತ್ತು. ಅದೇ ದಿನ ಪಕ್ಕದ ಬೆಲ್ಜಿಯಂನ ಬ್ರಸೆಲ್ಸ್ ನಗರಕ್ಕೆ ಬಿಡುಗಡೆ ಸಿಕ್ಕಿತ್ತು. ಕೆನಡಾದ ಸೈನಿಕರು ವೆಸ್ಟರ್‌ಬೋರ್ಕ್ ತಲುಪಿದ್ದು 1945ರ ಏಪ್ರಿಲ್ 12ಕ್ಕೆ. ಹಾಲೆಂಡಿನಿಂದ ಸಾಗಿಸಿದ ಸುಮಾರು 1,07,000 ಯಹೂದಿಗಳಲ್ಲಿ ಮರಳಿದವರು 5,000ದಷ್ಟು ಜನ.

ವಿಚಾರಣೆಯಲ್ಲಿ ಗೆಮ್ಮೆಕರ್ ಹೇಳಿದ್ದು ಒಂದೇ ಮಾತು: ರೈಲು ಹತ್ತಿದವರಿಗೆ ಮುಂದೆ ಏನಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಶಿಬಿರದಲ್ಲಿ ಬದುಕುಳಿದವರು ಒಂದು ಮಗುವಿನ ವಿಷಯ ಹೇಳುತ್ತಿದ್ದರು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು. ಗೆಮ್ಮೆಕರ್ ಇನ್‌ಕ್ಯುಬೇಟರ್ ತರಿಸಿಕೊಟ್ಟ, ಹೊರಗಿನಿಂದ ಮಕ್ಕಳ ತಜ್ಞನನ್ನೂ ಕರೆಸಿದ. ಮಗು ಚೇತರಿಸಿಕೊಂಡು ತೂಕ ಹಾಕಿತು. ಆಮೇಲೆ ಅದನ್ನು ರೈಲಿಗೆ ಹಾಕಿದರು. ಪೋಲೆಂಡಿನಲ್ಲಿ ಎಲ್ಲರಿಗೂ ದುಡಿಮೆ ಕೊಡುತ್ತಾರೆ ಅಂತ ಜರ್ಮನ್ನರು ಹೇಳುತ್ತಿದ್ದರು. ಅದನ್ನು ನಿಜಕ್ಕೂ ನಂಬಿದ್ದರೆ, ಹಾಲು ಕುಡಿಯುವ ಮಗು ಅಲ್ಲಿ ಏನು ಕೆಲಸ ಮಾಡುತ್ತದೆ ಅಂತ ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲವೇ?

1949ರಲ್ಲಿ ಡಚ್ ನ್ಯಾಯಾಲಯ ಅವನಿಗೆ 10 ವರ್ಷ ಜೈಲು ವಿಧಿಸಿತು. 1951ರಲ್ಲೇ ಹೊರಗೆ ಬಂದ. ಆಮೇಲೆ ಜರ್ಮನಿಯಲ್ಲಿ ನಡೆದ ತನಿಖೆಯನ್ನು, ಅವನಿಗೆ ಗೊತ್ತಿತ್ತು ಅನ್ನಲು ಸಾಕ್ಷ್ಯ ಸಾಲದು ಅಂತ ಕೈಬಿಟ್ಟರು. 1982ರಲ್ಲಿ ಡುಸೆಲ್‌ಡಾರ್ಫ್‌ನಲ್ಲಿ ತೀರಿಕೊಂಡ.

ಪ್ರಶ್ನೆಗಳಿದ್ದರೆ ಈಗ ಕೇಳಿ.