ಮೊದಲ ಹಾಲು ಚೆಲ್ಲಬೇಡ್ರಮ್ಮಾ

ನಮಸ್ಕಾರ. ತಲೆಗೆ ಸ್ಕಾರ್ಫ್ ಕಟ್ಕೊಂಡು, ಕಿವಿಗೆ ಹತ್ತಿ ಇಟ್ಕೊಂಡು ಕೂತಿರೋ ಚೊಚ್ಚಲ ಬಾಣಂತಿಯರು ಸ್ವಲ್ಪ ಹೊತ್ತು ಹತ್ತಿ ತೆಗ್ದು ಕೇಳಿ, ನಿಮ್ಮಮ್ಮ, ಅತ್ತೆನೂ ಕರ್ಕೊಳ್ಳಿ, ನಾನು ಬೈಯೋದು ಜಾಸ್ತಿ ಅವರಿಗೇನೇ.

ಮಕ್ಕಳ ಡಾಕ್ಟರಾಗಿ ನಂದು ಒಂದೇ ಮಾತು. ಹುಟ್ಟಿದ ಒಂದು ಗಂಟೆ ಒಳಗೆ ಮಗೂನ ಎದೆಗೆ ಹಾಕ್ಕೊಳ್ಳಿ, ಆರು ತಿಂಗಳು ತುಂಬೋವರೆಗೂ ಎದೆಹಾಲೊಂದೇ. ಜೇನುತುಪ್ಪ ಬೇಡ, ಸಕ್ಕರೆ ನೀರು ಬೇಡ, ಬಜೆ ತೇಯ್ದು ನೆಕ್ಕಿಸೋದು ಬೇಡ, ಹರಳೆಣ್ಣೆ ಬೇಡ, ಬೇಸಿಗೇಲಿ ಬರೀ ನೀರೂ ಬೇಡ.

ಒಂದ್ಸಲ ರೌಂಡ್ಸಿಗೆ ಹೋದಾಗ, ರಾತ್ರಿ ಹೆರಿಗೆ ಆಗಿದ್ದ ಹುಡುಗಿ ಹಾಲೇ ಬರ್ತಿಲ್ಲ ಅಂತ ಅಳ್ತಾ ಕೂತಿದ್ಲು, ಪಕ್ಕದಲ್ಲಿ ಅಜ್ಜಿ ಬೆಳ್ಳಿ ಒಳಲೇಲಿ ಜೇನುತುಪ್ಪ ಹಾಕ್ಕೊಂಡು ರೆಡಿ. "ಬಂದಿದ್ದು ಬರೀ ಹಳದಿ ಅಂಟು, ಕೀವು ಇದ್ದಂಗಿತ್ತು, ಹಿಂಡಿ ಬಟ್ಟೆಗೆ ಒರೆಸ್ಬಿಟ್ಟೆ ಡಾಕ್ಟ್ರೇ" ಅಂದ್ರು. ಸಿಟ್ಟು ನೆತ್ತಿಗೇರ್ತು, ಆದ್ರೂ ತಡ್ಕೊಂಡು ಮನೇಲಿ ಹಸು ಇದ್ಯಾ ಅಜ್ಜಿ ಅಂದೆ. ಎರಡಿವೆ ಅಂದ್ರು. ಕರು ಹಾಕಿದಾಗ ಏನ್ಮಾಡ್ತೀರಾ? "ಮೊದ್ಲು ಕರುಗೆ ಗಿಣ್ಣು ಕುಡಿಸ್ತೀವಿ, ಇಲ್ದಿದ್ರೆ ಅದು ಉಳಿಯುತ್ತಾ" ಅಂತ ನಂಗೇ ಪಾಠ ಹೇಳಿದ್ರು. ಮತ್ತೆ ಕರುಗೆ ಗಿಣ್ಣು, ಮೊಮ್ಮಗೂಗೆ ಜೇನುತುಪ್ಪನಾ ಅಂದೆ! ಅಜ್ಜಿ ಮಾತಾಡ್ಲಿಲ್ಲ, ಒಳಲೆ ತೊಳ್ದು ಸೆರಗಲ್ಲಿ ಒರೆಸಿ ಚೀಲಕ್ಕೆ ಹಾಕ್ಕೊಂಡ್ರು. ಆಮೇಲೆ ನೋಡಿ, ಮಗು ಬಾಯಿ ಪೂರ್ತಿ ತೆರೆಯೋವರೆಗೂ ಕಾದು, ತೊಟ್ಟಷ್ಟೇ ಅಲ್ಲ ಸುತ್ತ ಇರೋ ಕಪ್ಪು ಭಾಗನೂ ಒಳಗೆ ಹೋಗೋ ಹಾಗೆ ಹಿಡ್ಕೊಟ್ಟಿದ್ದು ಅದೇ ಅಜ್ಜಿ.

ಆ ಹಳದಿ ಹಾಲು ಅಷ್ಟೇ ಸಾಕಾ ಅಂತೀರಾ? ಮೊದಲ ದಿನ ಒಂದ್ಸಲಕ್ಕೆ ಒಂದು ಟೀ ಚಮಚದಷ್ಟು ಸಾಕು, ರೋಗ ತಡೆಯೋ ಶಕ್ತಿ ಇರೋದೇ ಅದ್ರಲ್ಲಿ. ಮೂರ್ನಾಲ್ಕನೇ ದಿನಕ್ಕೆ ಎದೆ ತುಂಬುತ್ತೆ, ಮಗು ಚೀಪ್ತಾ ಇದ್ರೆ ಹಾಲು ಬರ್ತಾನೇ ಇರುತ್ತೆ. ವಾರ ಕಳೆದ್ಮೇಲೆ ದಿನಕ್ಕೆ ಆರು ಸಲ ಉಚ್ಚೆ ಹೊಯ್ದ್ರೆ ಹಾಲು ಸಾಕಾಗ್ತಿದೆ ಅಂತಲೇ.

ಅಯ್ಯೋ, ಅಜ್ಜಿ ಕಥೇಲೇ ಟೈಮ್ ಹೋಯ್ತು, ಸ್ಟುಡಿಯೋ ಗಾಜಿನಾಚೆಯಿಂದ ಕೈ ತೋರಿಸ್ತಿದಾರೆ. ಹೊಕ್ಕಳಿಗೆ ಬೂದಿ, ಅರಿಶಿನ ಏನೂ ಹಚ್ಬೇಡಿ, ಬಳ್ಳಿ ಒಣಗಿ ತಾನೇ ಬೀಳುತ್ತೆ. ಕಣ್ಣಿಗೆ ಕಾಡಿಗೆ ಬೇಡ, ಸಾಂಬ್ರಾಣಿ ಹೊಗೆ ಬೇಡ. ಮಗು ಹಾಲು ಕುಡಿಯೋದು ಬಿಟ್ರೆ, ಮೈ ತಣ್ಣಗಾದ್ರೆ, ಸುಡ್ತಿದ್ರೆ, ಉಸಿರಾಡೋವಾಗ ಪಕ್ಕೆ ಒಳಗೆ ಸೆಳೀತಿದ್ರೆ, ಅಂಗೈ ಅಂಗಾಲು ಹಳದಿ ಆದ್ರೆ, ದೃಷ್ಟಿ ತೆಗೀತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರ್ತಾರೆ, ಮಗು ಮಲಗಿದೆ ನಾಳೆ ಬನ್ನಿ ಅಂತ ಬಾಗಿಲಿಂದ್ಲೇ ಕಳಿಸ್ದೆ ಒಳಗೆ ಕರ್ದು ತೂಕ ಹಾಕಿಸಿ. ನಮಸ್ಕಾರ.