ಒಪ್ಪಂದ ಮುರಿದರೆ ತೀರ್ಪು ಹೇಳುವವರು ಯಾರು?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪ್ರಾಧ್ಯಾಪಕರು ಉಪನ್ಯಾಸ ಮುಗಿಸಿ ಹೋದ ಮೇಲೆ ಸಣ್ಣ ಗುಂಪುಗಳಲ್ಲಿ ವಿದ್ಯಾರ್ಥಿಗಳ ಅನುಮಾನ ಪರಿಹರಿಸುವವರು, ಪ್ರಯೋಗಾಲಯ ನಡೆಸುವವರು, ಉತ್ತರ ಪತ್ರಿಕೆ ತಿದ್ದುವವರು ಬಹುಮಟ್ಟಿಗೆ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿಗಳೇ. ಇವರನ್ನು ನೌಕರರೆಂದು ಕರೆಯಬೇಕೇ ಎಂಬ ಜಗಳ ಅಲ್ಲಿ ಅರ್ಧ ಶತಮಾನಕ್ಕೂ ಹಳೆಯದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್‌ನಲ್ಲಿ 1966ರಲ್ಲಿ ಹುಟ್ಟಿದ ಬೋಧನಾ ಸಹಾಯಕರ ಸಂಘ 1970ರಲ್ಲಿ ಮುಷ್ಕರ ಹೂಡಿ ಒಪ್ಪಂದ ಪಡೆಯಿತು. ಖಾಸಗಿ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಮಾತ್ರ ಸಂಘ ಕಟ್ಟುವ ಹಕ್ಕಿನ ವ್ಯಾಜ್ಯ ತೀರ್ಮಾನಿಸುವ ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಯ ನಿಲುವು ಓಲಾಡುತ್ತಲೇ ಬಂತು: 2000ದಲ್ಲಿ ಇವರು ನೌಕರರೆಂದಿತು, 2004ರಲ್ಲಿ ಅಲ್ಲವೆಂದಿತು, 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಮತ್ತೆ ಹೌದೆಂದಿತು. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಆಯಾ ರಾಜ್ಯದ ಕಾನೂನೇ ಅನ್ವಯಿಸುತ್ತದೆ.

ಇಂಥ ಸಂಘಗಳು ಒಪ್ಪಂದಕ್ಕಾಗಿ ಆಡಳಿತದೊಂದಿಗೆ ನಡೆಸುವ ಮಾತುಕತೆಗಳ ಸುದ್ದಿ ಬಂದಾಗಲೆಲ್ಲ ನಮ್ಮ ಕಿವಿಗೆ ಮೊದಲು ಬೀಳುವುದು ಸಂಬಳದ ಅಂಕಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2022ರ ನವೆಂಬರ್ 14ರಂದು ಸುಮಾರು 48,000 ಮಂದಿ ಕೆಲಸ ನಿಲ್ಲಿಸಿದರು. ಅವರಲ್ಲಿ ವಿದ್ಯಾರ್ಥಿ ನೌಕರರು ಕೇಳಿದ್ದು ವರ್ಷಕ್ಕೆ 54,000 ಡಾಲರ್ ಕನಿಷ್ಠ ವೇತನ. ಆರು ವಾರಗಳಾಗುತ್ತ ಬಂದಾಗ ಸಿಕ್ಕಿದ್ದು, ಒಂಬತ್ತು ತಿಂಗಳ ಅರೆಕಾಲಿಕ ಕೆಲಸಕ್ಕೆ ಸುಮಾರು 23,000 ಡಾಲರ್ ಇದ್ದ ಕನಿಷ್ಠ ವೇತನವನ್ನು 2024ರ ಹೊತ್ತಿಗೆ ಸುಮಾರು 34,000ಕ್ಕೆ ಏರಿಸುವ ಭರವಸೆ. ಬಾಡಿಗೆಗೇ ಸಂಬಳದ ದೊಡ್ಡ ಪಾಲು ಸುರಿಯುವವರಿಗೆ ಈ ಏರಿಕೆ ಕಡಿಮೆಯದಲ್ಲ. ಆದರೂ ಒಂದು ಒಪ್ಪಂದದ ಬೆಲೆಯನ್ನು ಅದರ ಸಂಬಳದ ಪುಟದಿಂದ ಅಳೆಯಬಾರದೆಂದು ನಾನು ನಂಬುತ್ತೇನೆ.

ಕೆಲಸದ ಅವಧಿಯನ್ನೇ ನೋಡಿ. ವಾರಕ್ಕೆ 20 ಗಂಟೆ ಎಂದು ನೇಮಕಾತಿ ಪತ್ರ ಹೇಳುತ್ತದೆ. ನಲವತ್ತು ವಿದ್ಯಾರ್ಥಿಗಳ ಪ್ರಬಂಧಗಳನ್ನು ತಲಾ ಇಪ್ಪತ್ತು ನಿಮಿಷದಂತೆ ಓದಿ, ಅಂಚಿನಲ್ಲಿ ನಾಲ್ಕು ಮಾತು ಬರೆದು, ಅಂಕ ಹಾಕಿದರೆ ಅಲ್ಲಿಗೇ ಹದಿಮೂರು ಗಂಟೆ ದಾಟುತ್ತದೆ. ಪ್ರಾಧ್ಯಾಪಕರ ಉಪನ್ಯಾಸಕ್ಕೆ ಹಾಜರಾಗುವುದು, ತನ್ನ ತರಗತಿಗೆ ಸಿದ್ಧನಾಗುವುದು, ಕೊಠಡಿಗೆ ಬರುವ ವಿದ್ಯಾರ್ಥಿಗಳ ಜತೆ ಕೂರುವುದು, ಇಮೇಲ್‌ಗೆ ಉತ್ತರಿಸುವುದು ಇನ್ನೂ ಬಾಕಿ. ಮಿತಿ ಮೀರಿದ ಗಂಟೆಗಳನ್ನು ಲೆಕ್ಕ ಹಿಡಿಯುವ ವಿಧಾನವೊಂದು ಒಪ್ಪಂದದಲ್ಲಿ ಬರೆದಿರದಿದ್ದರೆ, ಏರಿದ ಸಂಬಳ ಈ ಲೆಕ್ಕಕ್ಕೆ ಸಿಗದ ದುಡಿಮೆಯಲ್ಲಿ ಕರಗುತ್ತದೆ.

ಬರೆದಿದ್ದರೂ ಅದು ಮುರಿದಾಗ ಯಾರ ಬಳಿ ಹೋಗಬೇಕು? ನನ್ನ ಪಾಲಿಗೆ ಇಡೀ ಮಾತುಕತೆಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ಸಂಶೋಧನಾ ವಿದ್ಯಾರ್ಥಿಗೆ ಕೆಲಸ ಹೇಳುವವರೂ, ಪ್ರಬಂಧ ಒಪ್ಪುವವರೂ, ಮುಂದೆ ನೌಕರಿಗೆ ಶಿಫಾರಸು ಪತ್ರ ಬರೆಯುವವರೂ ಅನೇಕ ವೇಳೆ ಒಬ್ಬರೇ ಗೈಡ್. ಅವರಿಂದಲೇ ಕಿರುಕುಳವಾದರೆ, ದೂರನ್ನು ವಿಚಾರಿಸಿ ತೀರ್ಮಾನಿಸುವ ಕಚೇರಿಯೂ ಅದೇ ವಿಶ್ವವಿದ್ಯಾಲಯದ್ದಾದರೆ, ದೂರು ಕೊಡುವ ಧೈರ್ಯ ಎಷ್ಟು ಜನರಿಗೆ ಬಂದೀತು? ಆದ್ದರಿಂದಲೇ ಸಂಘಗಳು ಹೊರಗಿನ, ಎರಡೂ ಪಕ್ಷಕ್ಕೆ ಸೇರದ ಮಧ್ಯಸ್ಥರೊಬ್ಬರು ತೀರ್ಪು ಕೊಡುವ ಷರತ್ತಿಗಾಗಿ ಪಟ್ಟು ಹಿಡಿಯುತ್ತವೆ. ಆಡಳಿತಗಳೂ ಅಷ್ಟೇ ಬಿಗಿಯಾಗಿ ಇದನ್ನು ತಡೆಯಲು ನೋಡುತ್ತವೆ.

ಕೊಲಂಬಿಯಾದಲ್ಲಿ 2021ರ ವಸಂತದ ಮುಷ್ಕರದ ನಂತರ ಸಂಘದ ಪ್ರತಿನಿಧಿಗಳು ಒಂದು ಕರಡು ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಕರಡು ಒಪ್ಪಂದಕ್ಕೆ ಮುದ್ರೆ ಬೀಳುವುದು ಸದಸ್ಯರ ಮತದಿಂದ. ಸದಸ್ಯರು ಅದನ್ನು ಅಲ್ಪ ಅಂತರದಲ್ಲಿ ತಿರಸ್ಕರಿಸಿದರು. ಕೈಗೆ ಬಂದ ಸಂಬಳದ ಏರಿಕೆಯನ್ನು ಬಿಟ್ಟು ಮತ್ತೆ ಬೀದಿಗಿಳಿಯುವುದು ಸುಲಭದ ನಿರ್ಧಾರವಲ್ಲ. ಮನೆಯಲ್ಲಿ ಮಕ್ಕಳಿರುವ ಸದಸ್ಯರಿಗೆ ಅದು ಎಂಥ ರಾತ್ರಿಗಳನ್ನು ತಂದಿರಬಹುದೆಂದು ಊಹಿಸಬಲ್ಲೆ. ನವೆಂಬರ್ 3ರಂದು ಸುಮಾರು 3,000 ಮಂದಿ ಪುನಃ ಕೆಲಸ ನಿಲ್ಲಿಸಿದರು. ಡಿಸೆಂಬರ್‌ನಲ್ಲಿ, ನಿಗದಿತ ದಿನದೊಳಗೆ ಮರಳದವರಿಗೆ ಮುಂದಿನ ಅವಧಿಯ ನೇಮಕಾತಿಯ ಖಾತರಿ ಇಲ್ಲವೆಂಬ ಎಚ್ಚರಿಕೆಯೂ ಬಂತು. ಹತ್ತು ವಾರಗಳಾಗುತ್ತ ಬಂದಾಗ, 2022ರ ಜನವರಿಯಲ್ಲಿ ಆದ ಒಪ್ಪಂದದಲ್ಲಿ ಹೆಚ್ಚಿನ ವೇತನದೊಂದಿಗೆ, ತಾರತಮ್ಯ ಮತ್ತು ಕಿರುಕುಳದ ದೂರುಗಳನ್ನು ಹೊರಗಿನ ಮಧ್ಯಸ್ಥರ ಮುಂದೆ ಒಯ್ಯುವ ಹಕ್ಕು ಸೇರಿತ್ತು.

ಈ ಹಕ್ಕಿನ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿ ಇರುವುದು ಹೊರದೇಶಗಳಿಂದ ಹೋದವರಿಗೆ. ಅವರಲ್ಲಿ ಹೆಚ್ಚಿನವರು ಹೊಂದಿರುವ, ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದ ನಿಯಮದಂತೆ, ತರಗತಿಗಳು ನಡೆಯುವಾಗ ವಿಶ್ವವಿದ್ಯಾಲಯದೊಳಗಿನ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಸಂಘ ಸೇರುವ ಹಕ್ಕು ಅವರಿಗೂ ಉಂಟು. ಆದರೆ ಗೈಡ್ ಕೈಬಿಟ್ಟು ದಾಖಲಾತಿ ತಪ್ಪಿದರೆ, ಸಂಬಳದ ಜತೆಗೆ ಆ ದೇಶದಲ್ಲಿ ಉಳಿಯುವ ಅನುಮತಿಯೂ ಹೋಗುತ್ತದೆ. ಅಂಥವರು ಗೈಡ್ ವಿರುದ್ಧ ದೂರು ಬರೆಯಲು ಕುಳಿತಾಗ, ಅದನ್ನು ಕೊನೆಗೆ ಓದಿ ತೀರ್ಪು ಹೇಳುವವರು ಗೈಡ್‌ಗೆ ಸಂಬಳ ಕೊಡುವ ಸಂಸ್ಥೆಯವರೇ ಆಗಿರಬಾರದು.

ನಮಸ್ಕಾರ.